ದಂಡಿನಲ್ಲಿರುವ ಮಗನೂ ಮನೆಯಲ್ಲಿರುವ ತಂದೆಯೂ

ಧ್ಯಾನದ ಭಾಗ: ಒಂದನೆಯ ಸಮುವೇಲ, 17ನೆಯ ಅಧ್ಯಾಯ, 12ರಿಂದ 29ನೆಯ ವಚನಗಳು



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಜಾವದ ಕತ್ತಲೆಯಲ್ಲಿಯೇ ಎದ್ದು ರಸ್ತೆಯ ಮೇಲೆ ಓಡುವ ಹುಡುಗರನ್ನು ನೀವು ನೋಡಿದ್ದೀರಿ. ದಂಡಿನ ಭರ್ತಿಯಲ್ಲಿ 1.6 ಕಿಲೋಮೀಟರು ದೂರವನ್ನು ಗೊತ್ತಾದ ನಿಮಿಷಗಳೊಳಗೆ ಓಡಿ ಮುಗಿಸಬೇಕು. 9 ಅಡಿಯ ಹಳ್ಳವನ್ನು ಹಾರಬೇಕು. ಅದಕ್ಕಾಗಿಯೇ ಆ ಓಟ. ಅವರಲ್ಲಿ ಕೆಲವರು ಆರಿಸಲ್ಪಟ್ಟು, ಒಂದು ದಿನ ಹಾವೇರಿಯಲ್ಲಿಯೋ ಯಲವಿಗಿಯಲ್ಲಿಯೋ ರಾಣೆಬೆನ್ನೂರಿನಲ್ಲಿಯೋ ರೈಲು ಹತ್ತಿ ತರಬೇತಿಗೆ ಹೊರಟುಹೋಗುತ್ತಾರೆ. ಕಳುಹಿಸಲು ಬಂದ ತಂದೆತಾಯಿಗಳು ಬರಿಗೈಯಿಂದ ಊರಿಗೆ ಹಿಂತಿರುಗುತ್ತಾರೆ. ಆ ಸಾಯಂಕಾಲ ತಾಯಿಯು ಎಂದಿನ ಎಣಿಕೆಯಂತೆಯೇ ರೊಟ್ಟಿ ಬಡಿದು, ಎರಡು ರೊಟ್ಟಿ ಹೆಚ್ಚಾದವೆಂದು ಆಮೇಲೆ ತಿಳಿದುಕೊಳ್ಳುತ್ತಾಳೆ.

ಇಂಥ ಮನೆಗೆ ದೇವರ ವಾಕ್ಯದಲ್ಲಿ ಮಾತುಂಟೋ? ಉಂಟು. ನಾವು ದಾವೀದನ ಕಥೆಯನ್ನು ಓದುವಾಗ ಕವಣೆಯನ್ನೂ ಗೊಲ್ಯಾತನನ್ನೂ ನೋಡುವ ಆತುರದಲ್ಲಿ ಮನೆಯಲ್ಲಿ ಕುಳಿತಿದ್ದ ಮುದುಕನನ್ನು ದಾಟಿ ಹೋಗುತ್ತೇವೆ. ಅವನು ಬೇತ್ಲೆಹೇಮಿನ ಇಷಯನು. ಅವನಿಗೆ ಎಂಟು ಮಂದಿ ಗಂಡುಮಕ್ಕಳು. ಅವರಲ್ಲಿ ಹಿರಿಯರಾದ ಎಲೀಯಾಬ, ಅಬೀನಾದಾಬ, ಶಮ್ಮ ಎಂಬ ಮೂವರು ಸೌಲನ ದಂಡಿನಲ್ಲಿ ಸೇರಿದ್ದರು. ಏಲಾ ಎಂಬ ತಗ್ಗು ಬೇತ್ಲೆಹೇಮಿಗೆ ಬಹು ದೂರವಲ್ಲ, ಕಾಲುನಡಿಗೆಯಿಂದ ಒಂದೇ ದಿನದಲ್ಲಿ ಮುಟ್ಟಬಹುದು. ಆದರೂ ಫಿಲಿಷ್ಟಿಯನು ನಾಲ್ವತ್ತು ದಿನ ಮುಂಜಾನೆ ಸಾಯಂಕಾಲ ಬಂದು ನಿಂತು ಸವಾಲು ಹಾಕುತ್ತಿದ್ದ ಆ ಕಾಲದಲ್ಲಿ ಮುದುಕನಾದ ತಂದೆಯು ಮಕ್ಕಳ ಕ್ಷೇಮಸಮಾಚಾರಕ್ಕಾಗಿ ಹಂಬಲಿಸುತ್ತಿದ್ದನು. ಕಡೆಗೆ ಅವನು ಕಿರಿಯ ಮಗನನ್ನು ಕರೆದು, ಅಣ್ಣಂದಿರಿಗೆ ಹುರಿದ ಧಾನ್ಯವನ್ನೂ ಹತ್ತು ರೊಟ್ಟಿಗಳನ್ನೂ, ಅವರ ಅಧಿಪತಿಗೆ ಹತ್ತು ಗಿಣ್ಣದ ಗಡ್ಡೆಗಳನ್ನೂ ಕೊಟ್ಟು, ಅವರ ಕ್ಷೇಮವನ್ನು ವಿಚಾರಿಸಿ ಒಂದು ಗುರುತನ್ನು ತರಬೇಕೆಂದು ಕಳುಹಿಸಿದನು. ಈ ತಂದೆಯ ನಡತೆಯಿಂದ ನಾವು ಕಲಿಯತಕ್ಕ ಪಾಠವನ್ನು ಒಂದೇ ಮಾತಿನಲ್ಲಿ ಹೇಳಬಹುದು: ರೊಟ್ಟಿಯನ್ನು ಮಗನ ಬಳಿಗೆ ಕಳುಹಿಸು, ಭಯವನ್ನು ದೇವರ ಬಳಿಗೆ ಕಳುಹಿಸು.

ಒಂದನೆಯದಾಗಿ, ಮಗನನ್ನು ಬಿಟ್ಟುಕೊಡುವ ಸಂಗತಿ. ಇಸ್ರಾಯೇಲ್ಯರು ಅರಸನನ್ನು ಬೇಡಿದಾಗ, ಅವನು ನಿಮ್ಮ ಮಕ್ಕಳನ್ನು ತೆಗೆದುಕೊಂಡು ತನ್ನ ರಥಗಳಿಗೂ ಕುದುರೆಗಳಿಗೂ ನೇಮಿಸುವನೆಂದು ಸಮುವೇಲನು ಮುಂಚೆಯೇ ಎಚ್ಚರಿಸಿದ್ದನು. ನಮ್ಮ ದೇಶದಲ್ಲಿ ಇಂಥ ಬಲವಂತವಿಲ್ಲ. ನಿಮ್ಮ ಮಗನನ್ನು ಯಾರೂ ಹಿಡಿದುಕೊಂಡು ಹೋಗಲಿಲ್ಲ. ಅವನು ತಾನಾಗಿಯೇ ಓಡಿ ಹೋದನು. ತಂದೆತಾಯಿಗಳಿಗೆ ಇದೇ ಹೆಚ್ಚಿನ ನೋವು. 2022ನೆಯ ಇಸವಿಯ ಜೂನ್ ತಿಂಗಳಲ್ಲಿ ಭಾರತ ಸರಕಾರವು ಪ್ರಕಟಿಸಿದ ಅಗ್ನಿಪಥ ಯೋಜನೆಯ ಪ್ರಕಾರ ಹದಿನೇಳೂವರೆ ವರುಷದವನೂ ಅಗ್ನಿವೀರನಾಗಿ ಸೇರಬಹುದು. ಆದರೆ 18 ವರುಷ ತುಂಬದವನ ಅರ್ಜಿಗೆ ತಂದೆತಾಯಿಗಳಾಗಲಿ ಪಾಲಕರಾಗಲಿ ರುಜು ಹಾಕಬೇಕು. ಆ ಕಾಗದವನ್ನು ಮುಂದಿಟ್ಟುಕೊಂಡು ರುಜು ಹಾಕಲಾರದೆ ಕೈ ನಡುಗಿದ ತಂದೆಯನ್ನು ಹೇಡಿಯೆಂದು ಯಾರೂ ಹೀಯಾಳಿಸಬಾರದು. ಹಾಕಿದವನನ್ನು ಕಲ್ಲೆದೆಯವನೆಂದೂ ಅನ್ನಬಾರದು. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಈ ದಿನ ಬಂದಿದೆ: ದಂಡಿನ ಪೊಲೀಸು ದಳದಲ್ಲಿ ಸಿಪಾಯಿಗಳಾಗಿ ಸೇರಿದ ಹೆಣ್ಣುಮಕ್ಕಳ ಮೊದಲನೆಯ ತಂಡದ 83 ಮಂದಿ 2021ನೆಯ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತರಬೇತಿಯನ್ನು ಮುಗಿಸಿದರು.

ಎರಡನೆಯದಾಗಿ, ರೊಟ್ಟಿಯ ಸಂಗತಿ. ಇಷಯನು ಮಕ್ಕಳಿಗೆ ಏನು ಕಳುಹಿಸಿದನೆಂಬದನ್ನು ನೋಡಿರಿ, ಏನು ಕಳುಹಿಸಲಿಲ್ಲವೆಂಬದನ್ನೂ ನೋಡಿರಿ. ಹುರಿದ ಧಾನ್ಯವನ್ನು ಕಳುಹಿಸಿದನು. ನಮ್ಮ ತಾಯಂದಿರು ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಹುರಿಗಡಲೆಯನ್ನೂ ಕಟ್ಟಿಕೊಡುವ ಹಾಗೆಯೇ. ತನ್ನ ಮುಪ್ಪಿನ ದುಃಖವನ್ನು ಕಳುಹಿಸಲಿಲ್ಲ. ಹೊಲದ ಜಗಳವನ್ನೂ ಕುರಿಗಳ ಲೆಕ್ಕವನ್ನೂ ಸಾಲಗಾರನ ಮಾತನ್ನೂ ಕಳುಹಿಸಲಿಲ್ಲ.

ಪ್ರಿಯರೇ, ತರಬೇತಿಯ ಮೊದಲಿನ ವಾರಗಳು ಕಠಿಣವಾದವು. ಕತ್ತಲಲ್ಲೇ ಏಳಬೇಕು, ಓಡಬೇಕು, ಕವಾಯತು ಮಾಡಬೇಕು, ಹಾಸಿಗೆಯನ್ನೂ ಬೂಟುಗಳನ್ನೂ ಹೇಳಿದಂತೆ ಇಡಬೇಕು, ತಿಳಿಯದ ಭಾಷೆಯಲ್ಲಿ ಕೂಗಿ ಕೊಟ್ಟ ಅಪ್ಪಣೆಗೆ ಕೂಡಲೇ ವಿಧೇಯನಾಗಬೇಕು. ಮನೆಯವರ ಸಂಗಡ ಮಾತಾಡುವದಕ್ಕೆ ಸಿಕ್ಕುವ ಹೊತ್ತು ಸ್ವಲ್ಪವೇ. ಆ ಹೊತ್ತಿನಲ್ಲಿ ಮಗನು ಫೋನಿನಲ್ಲಿ, “ಅವ್ವಾ, ಇಲ್ಲಿ ಇರಲಿಕ್ಕೆ ಆಗವಲ್ದು, ಬಂದು ಕರಕೊಂಡು ಹೋಗ್ರಿ” ಎಂದು ಅತ್ತರೆ ಏನು ಮಾಡುವಿರಿ? ನೀವೂ ಅತ್ತು, “ನೀ ಹೋದಾಗಿಂದ ನಿಮ್ಮಪ್ಪ ಊಟಾನ ಬಿಟ್ಟಾನ” ಎಂದು ಹೇಳಿದರೆ, ಹುಡುಗನು ಆ ಮಾತನ್ನು ಹೊತ್ತುಕೊಂಡೇ ಮರುದಿನ ಓಡಬೇಕಾಗುವದು. ಭಾರವಾದ ಚೀಲಕ್ಕಿಂತಲೂ ಅದು ಭಾರ. ಹಾಗಾದರೆ ಅವನ ಅಳುವನ್ನು ಕೇಳಬಾರದೋ? ಪೂರ್ಣವಾಗಿ ಕೇಳಿರಿ. ಮೈಯಲ್ಲಿ ಬೇನೆಯುಂಟೋ, ಯಾರಾದರೂ ಅನ್ಯಾಯ ಮಾಡಿದ್ದಾರೋ ಎಂದು ವಿಚಾರಿಸಿರಿ. ಹಾಗಿದ್ದರೆ ಮೇಲಿನವರಿಗೆ ತಿಳಿಸಲು ಅವನಿಗೆ ಧೈರ್ಯ ಹೇಳಿರಿ. ಬರೀ ಮನೆಯ ಹಂಬಲವಾಗಿದ್ದರೆ, “ಇವತ್ತೊಂದು ದಿನ ಇರು, ನಾಳಿನ ಮಾತು ನಾಳೆ” ಎಂದು ಹೇಳಿರಿ. ಇದು ರೊಟ್ಟಿ ಕಳುಹಿಸಿದಂತೆಯೇ.

ಇಷಯನ ರೊಟ್ಟಿಗೆ ದೊರೆತ ಮರ್ಯಾದೆಯಾದರೂ ಎಂಥದು? ಅದನ್ನು ತಂದ ತಮ್ಮನನ್ನು ಕಂಡು ಎಲೀಯಾಬನು ಸಿಟ್ಟಿನಿಂದ ಉರಿದು, ಕುರಿಗಳನ್ನು ಯಾರ ಕೈಗೆ ಬಿಟ್ಟು ಬಂದೆಯೆಂದು ಗದರಿಸಿದನು. ದಿನಾಲೂ ವೈರಿಯ ನಿಂದೆಯನ್ನು ಕೇಳಿ ಉತ್ತರ ಕೊಡಲಾರದೆ ನಾಚಿದವನು ತನ್ನ ನಾಚಿಕೆಯನ್ನು ಮನೆಯವನ ಮೇಲೆ ತೀರಿಸಿಕೊಂಡನು. ನಿಮ್ಮ ಮಗನೂ ಒಂದು ದಿನ ಎರಡೇ ಮಾತಾಡಿ ಫೋನು ಇಟ್ಟುಬಿಟ್ಟರೆ, ನಮ್ಮನ್ನು ಮರೆತನೆಂದು ತಿಳಿಯಬೇಡಿರಿ. ಕಳುಹಿಸಿದ ರೊಟ್ಟಿ ವ್ಯರ್ಥವಾಗಲಿಲ್ಲ. ಬಿರುಸು ಮಾತಾಡಿದ ಬಾಯಿಯೇ ಅದನ್ನು ತಿನ್ನುವದು.

ಇನ್ನೂ ಒಂದು ಮಾತು. ರೊಟ್ಟಿಯು ಮನೆಯಿಂದ ದಂಡಿಗೆ ಹೋಯಿತು. ದಂಡಿನಿಂದ ಮನೆಗೆ ಬೇಡಲ್ಪಡಲಿಲ್ಲ. 2022ರಲ್ಲಿ ಗೊತ್ತುಮಾಡಿದ ನಿಯಮದಂತೆ ಅಗ್ನಿವೀರನಿಗೆ ಮೊದಲನೆಯ ವರುಷ ತಿಂಗಳಿಗೆ 30,000 ರೂಪಾಯಿ ಸಂಬಳ. ಅದರಲ್ಲಿ 21,000 ರೂಪಾಯಿ ಕೈಗೆ ಬರುವದು, ಉಳಿದದ್ದು ಅವನ ಹೆಸರಿನ ನಿಧಿಗೆ ಸೇರುವದು. ನಾಲ್ಕು ವರುಷಗಳಾದ ಮೇಲೆ ನೂರರಲ್ಲಿ ಹೆಚ್ಚೆಂದರೆ 25 ಮಂದಿಯನ್ನು ಮಾತ್ರ ಕಾಯಮಾಗಿ ಉಳಿಸಿಕೊಳ್ಳುವರು. ಮಿಕ್ಕವರು ಸರಕಾರವು ಸರಿಸಮಾನವಾಗಿ ಕೂಡಿಸಿದ ನಿಧಿಯನ್ನು, ಬಡ್ಡಿ ಸಹಿತ ಸುಮಾರು 11.71 ಲಕ್ಷ ರೂಪಾಯಿಯನ್ನು, ತೆಗೆದುಕೊಂಡು ಪಿಂಚಣಿಯಿಲ್ಲದೆ ಹಿಂತಿರುಗಬೇಕು. ಹೀಗಿರಲಾಗಿ, ಮಗನ ಮೊದಲನೆಯ ಸಂಬಳ ಬರುವ ಮೊದಲೇ ಅದನ್ನು ನಂಬಿ ಸಾಲ ಮಾಡಿ ಮನೆ ಕಟ್ಟಿಸಲು ಹೊರಡುವದು ಬುದ್ಧಿವಂತಿಕೆಯಲ್ಲ. ಸ್ನಾನಿಕನಾದ ಯೋಹಾನನು ತನ್ನ ಬಳಿಗೆ ಬಂದ ಸಿಪಾಯಿಗಳಿಗೆ, ಯಾರನ್ನೂ ಹೆದರಿಸಿ ಹಣ ಕೀಳದೆ ತಮ್ಮ ಸಂಬಳದಲ್ಲಿ ತೃಪ್ತರಾಗಿರಬೇಕೆಂದು ಬೋಧಿಸಿದನು. ಈ ಬೋಧನೆಯು ಸಿಪಾಯಿಗಳ ತಂದೆತಾಯಿಗಳಿಗೂ ಸಲ್ಲುತ್ತದೆ.

ಮೂರನೆಯದಾಗಿ, ಭಯದ ಸಂಗತಿ. ಇಷಯನು ಒಂದು ಗುರುತನ್ನು ಬೇಡಿದ್ದು ಯಾಕೆ? ಮಕ್ಕಳು ಜೀವದಿಂದಿದ್ದಾರೆಂಬದಕ್ಕೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಬೇಕಾಗಿತ್ತು. ಈ ಭಯವನ್ನು ದೇವರ ವಾಕ್ಯವು ಮರೆಮಾಡುವದಿಲ್ಲ, ನಾವೂ ಮರೆಮಾಡಬಾರದು. ಶಿಗ್ಗಾಂವಿ ಸವಣೂರುಗಳಿಗೆ ಸಮೀಪವಾದ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಸೀಮೆಯವರು ಮರೆತಿಲ್ಲ. 2016ನೆಯ ಇಸವಿಯ ಫೆಬ್ರವರಿ 3ರಂದು ಸಿಯಾಚಿನ್ ಹಿಮಪ್ರದೇಶದಲ್ಲಿ, 19,000 ಅಡಿಗಿಂತಲೂ ಎತ್ತರವಾದ ಠಾಣ್ಯದ ಮೇಲೆ ಹಿಮದ ರಾಶಿ ಕುಸಿದು, ಮದ್ರಾಸ್ ಪಲ್ಟಣಿನ ಹತ್ತು ಮಂದಿ ಅದರಡಿಯಲ್ಲಿ ಸಿಕ್ಕಿಕೊಂಡರು. ಆರು ದಿನಗಳ ಮೇಲೆ ಅಗೆದಾಗ ಅವರೊಬ್ಬರೇ ಜೀವದಿಂದ ಸಿಕ್ಕಿದರು. ದೇಶವೆಲ್ಲವೂ ಅವರಿಗಾಗಿ ಪ್ರಾರ್ಥಿಸಿತು. ಆದರೆ ಫೆಬ್ರವರಿ 11ರಂದು ಅವರು ದಿಲ್ಲಿಯ ದಂಡಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಟದೂರಿನಲ್ಲಿಯೇ ಅವರನ್ನು ಮಣ್ಣು ಮಾಡಿದರು.

ಇದನ್ನು ಅರಿತ ತಾಯಿಗೆ, ನಿನ್ನ ಮಗನಿಗೆ ಏನೂ ಆಗದೆಂದು ಹೇಳುವ ಅಧಿಕಾರವು ನಮಗಿಲ್ಲ. ಪ್ರಾರ್ಥಿಸುವ ಮನೆಯ ಮಕ್ಕಳಿಗೆ ಅಪಾಯವೇ ಬಾರದೆಂದು ವೇದವು ಎಲ್ಲಿಯೂ ಹೇಳುವದಿಲ್ಲ. ಅದು ಹೇಳುವದು ಬೇರೆ. ತನ್ನ ಒಬ್ಬನೇ ಮಗನನ್ನು ಕಳುಹಿಸಿ, ಅವನು ಸಿಪಾಯಿಗಳ ಕೈಯಿಂದಲೇ ಸಾಯುವದನ್ನು ಕಂಡ ತಂದೆಯು ಪರಲೋಕದಲ್ಲಿದ್ದಾನೆ. ಆದದರಿಂದ ನಮ್ಮ ಭಯವು ಆತನಿಗೆ ತಿಳಿಯದ ಸಂಗತಿಯಲ್ಲ. ಮಧ್ಯರಾತ್ರಿಯಲ್ಲಿ ಎಚ್ಚರವಾದಾಗ ಆತನಿಗೆ ಉದ್ದವಾದ ಮಾತುಗಳು ಬೇಕಿಲ್ಲ. ಮಗನ ಹೆಸರನ್ನು ಹೇಳಿದರೆ ಸಾಕು. ಗಡಿಯ ಆಚೆಯಲ್ಲಿಯೂ ಒಬ್ಬ ತಾಯಿಯು ಇದೇ ಹೊತ್ತಿನಲ್ಲಿ ತನ್ನ ಮಗನಿಗಾಗಿ ಎಚ್ಚರವಾಗಿರುವಳೆಂದು ನೆನಸಿ, ಸಮಾಧಾನಕ್ಕಾಗಿ ಬೇಡಿರಿ.

ಮಗನ ವಿಶ್ವಾಸವು ದಂಡಿನಲ್ಲಿ ಆರಿಹೋಗುವದೆಂದೂ ಹೆದರುವಿರೋ? ಕಪೆರ್ನೌಮಿನ ಶತಾಧಿಪತಿಯು ಅಪ್ಪಣೆ ಕೊಡುವದನ್ನೂ ಅಪ್ಪಣೆಗೆ ಒಳಪಡುವದನ್ನೂ ದಂಡಿನಲ್ಲಿ ಕಲಿತವನಾಗಿದ್ದು, ಅದರಿಂದಲೇ ಯೇಸುವಿನ ಒಂದು ಮಾತಿನ ಬಲವನ್ನು ತಿಳಿದುಕೊಂಡನು. ಕೊರ್ನೇಲ್ಯನು ಕೈಸರೈಯದ ದಂಡಿನಲ್ಲಿಯೇ ಪ್ರಾರ್ಥಿಸುವವನಾಗಿದ್ದನು. ನಮ್ಮ ದೇಶದ ದಂಡಿನಲ್ಲಿಯೂ ಬೇರೆ ಬೇರೆ ಮತಗಳ ಗುರುಗಳನ್ನು ನೇಮಿಸುವ ಪದ್ಧತಿಯುಂಟು. ಅವರಲ್ಲಿ ಕ್ರೈಸ್ತ ಪಾದ್ರಿಗಳೂ ಇದ್ದಾರೆ.

ಕಡೆಯದಾಗಿ, ಅವನು ಹಿಂತಿರುಗಿ ಬರುವ ದಿನ. ಸಮುವೇಲನ ತಾಯಿಯಾದ ಹನ್ನಳು ಮಗನನ್ನು ಶಿಲೋವಿನಲ್ಲಿ ಬಿಟ್ಟುಬಂದ ಮೇಲೆ ವರುಷವರುಷವೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಮಗನು ಕಣ್ಣ ಮುಂದೆ ಇಲ್ಲದೆ ಅಳತೆಯನ್ನು ಹೇಗೆ ತಿಳಿದಳು? ಕಳೆದ ವರುಷದ ಅಳತೆಗೆ ಹೊಲಿದಿದ್ದರೆ ಅದು ಮೈಗೆ ಹಿಡಿಯುತ್ತಿರಲಿಲ್ಲ. ಮಗನು ಬೆಳೆದಿದ್ದಾನೆಂದು ಒಪ್ಪಿಕೊಂಡು ಪ್ರತಿ ವರುಷ ಬಟ್ಟೆಯನ್ನು ದೊಡ್ಡದಾಗಿ ಕತ್ತರಿಸಬೇಕಾಯಿತು. ತರಬೇತಿಯನ್ನು ಮುಗಿಸಿ ಆಣೆಯಿಟ್ಟು ಬರುವ ನಿಮ್ಮ ಮಗನೂ ಹೋದ ಹುಡುಗನಲ್ಲ. ಕೆಲವು ತರಬೇತಿ ಕೇಂದ್ರಗಳಲ್ಲಿ ಆ ದಿನ ತಂದೆತಾಯಿಗಳಿಗೂ ಗೌರವ ಪದಕವನ್ನು ಕೊಡುವ ವಾಡಿಕೆಯುಂಟು. ಅದನ್ನು ಹಾಕಿಕೊಂಡು ಸಂತೋಷಪಡಿರಿ. ಊರಿಗೆ ಬಂದ ಮೇಲೆ ಅವನನ್ನು ಹಳೆಯ ಅಳತೆಯ ಅಂಗಿಯೊಳಗೆ ತುರುಕಬೇಡಿರಿ. ಅವನ ಮಾತನ್ನು ಗಂಡಸಿನ ಮಾತಾಗಿ ಕೇಳಿರಿ. ನಾಲ್ಕು ವರುಷಗಳ ಮೇಲೆ ಉಳಿಸಿಕೊಳ್ಳಲ್ಪಡದೆ ಬಂದರೂ ಸೋತುಬಂದವನೆಂದು ಕಾಣಬೇಡಿರಿ.

ಸಭೆಯವರೇ, ನಿಮಗೂ ಇಲ್ಲಿ ಕೆಲಸವುಂಟು. ಇಷಯನಿಗೆ ರೊಟ್ಟಿ ಹೊರಲು ದಾವೀದನಿದ್ದನು. ಒಬ್ಬನೇ ಮಗನನ್ನು ಕಳುಹಿಸಿದ ಮನೆಗೆ ಯಾರಿದ್ದಾರೆ? ಭಾನುವಾರ ಆರಾಧನೆಯಾದ ಮೇಲೆ ಆ ಮನೆಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಹಾನಗಲ್ಲಿನ ಕಡೆಯಲ್ಲಿ ಭತ್ತ ಕೊಯ್ಯುವಾಗಲೂ ಹಿರೇಕೆರೂರಿನ ಕಡೆಯಲ್ಲಿ ಗೋವಿನಜೋಳ ಮುರಿಯುವಾಗಲೂ ಆ ಮನೆಗೆ ಒಂದಾಳು ಕಡಿಮೆಯೆಂಬದನ್ನು ನೆನಪಿಡಿರಿ. ಹುಡುಗನಿಗೆ ಬರೆಯಬೇಕೆಂದಿದ್ದು ಅಕ್ಷರ ಬಾರದ ತಾಯಿಗೆ ಎರಡು ಸಾಲು ಬರೆದುಕೊಡಿರಿ.

ಮಕ್ಕಳನ್ನು ನಮಗೆ ಕೊಟ್ಟ ದೇವರೇ, ನಮ್ಮ ಕೈಗೆ ಎಟಕದ ಕಡೆಯಲ್ಲಿ ಅವರು ನಿನ್ನ ಕೈಯಲ್ಲಿರಲಿ. ರೊಟ್ಟಿ ಕಳುಹಿಸುವ ಬುದ್ಧಿಯನ್ನು ನಮಗೆ ಕೊಡು. ನಮ್ಮ ಭಯವನ್ನು ನೀನು ತೆಗೆದುಕೋ. ಆಮೆನ್.