ಹೊಸ ಅಕ್ಕಿಯ ಊಟ ಮತ್ತು ಹದಿನಾರನೆಯ ಹುಟ್ಟುಹಬ್ಬ



ಆಗಸ್ಟ್ 30ಕ್ಕೆ ಬಾಲ ಮರಿಯಮ್ಮನವರ ನೊವೆನಾ ಶುರುವಾಗುತ್ತದೆ. ಒಂಬತ್ತು ದಿನ ನಮ್ಮ ಮಕ್ಕಳು ಹಿತ್ತಿಲಲ್ಲಿ ಸಿಕ್ಕಿದ ಹೂವನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಬರುತ್ತಾರೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯ ಆಶೀರ್ವಾದ, ಬಲಿಪೂಜೆ, ಮಕ್ಕಳಿಗೆ ಕಬ್ಬು, ಮನೆಯಲ್ಲಿ ಹೊಸ ಅಕ್ಕಿಯ ಊಟ. ಮೊಂತಿ ಹಬ್ಬ ಎನ್ನಿ, ತೆನೆ ಹಬ್ಬ ಎನ್ನಿ, ಆ ದಿನ ನಾವು ಆಚರಿಸುವುದು ಒಬ್ಬ ಹೆಣ್ಣುಮಗಳ ಹುಟ್ಟುಹಬ್ಬವನ್ನು. ಗಡಿಯ ಈಚೆ ಇರುವ ನಮಗೆ ಅದು ಓಣಂ ರಜೆಯೊಳಗೆ ಬಂದರೆ ಅನುಕೂಲ. ಬಾರದಿದ್ದರೆ ಶಾಲೆಗೆ ರಜಾಚೀಟಿ ಬರೆದುಕೊಟ್ಟು ಮನೆಯಲ್ಲಿ ಉಳಿಯುತ್ತೇವೆ. ಪಕ್ಕದ ಮನೆಯವರಿಗೆ ಇದು ಸಾಮಾನ್ಯ ದಿನ, ನಮಗೆ ಮನೆಯವರೆಲ್ಲ ಒಟ್ಟಾಗುವ ದಿನ.

ಈ ಸಲದ ಹಬ್ಬಕ್ಕೆ ಮೊದಲು ಯುವಜನರಾದ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ನಮ್ಮ ಸಂಘದ ಒಬ್ಬ ಹುಡುಗನ ಹುಟ್ಟುಹಬ್ಬವೂ ಸೆಪ್ಟೆಂಬರ್ 8ಕ್ಕೇ. ಕಳೆದ ವರ್ಷ ಅವನಿಗೆ ಹದಿನಾರು ತುಂಬಿತು. ಅವನ ಪಪ್ಪ ಕುವೈತಿನಲ್ಲಿ ಕೆಲಸಕ್ಕೆ ಸೇರಿದ್ದು ಅವನಿಗೆ ಐದು ವರ್ಷವಾಗಿದ್ದಾಗ. ಅವರಿಗೆ ರಜೆ ಸಿಗುತ್ತಿದ್ದದ್ದು ಮೇ ತಿಂಗಳಲ್ಲಿ, ಇಲ್ಲವೇ ಕ್ರಿಸ್ಮಸಿಗೆ. ಅಷ್ಟೂ ವರ್ಷ ಮನೆಯಿಂದ ಹೊಸ ತೆನೆಯ ನಾಲ್ಕು ಕಾಳು ಒಣಗಿಸಿ, ಕಾಗದದಲ್ಲಿ ಮಡಚಿ, ಹೋಗುವವರ ಕೈಯಲ್ಲಿ ಅವರಿಗೆ ಕಳುಹಿಸುತ್ತಿದ್ದರು. ಕಳೆದ ವರ್ಷ ಮಾತ್ರ ಅವರು ಕೇಳಿಕೊಂಡು ಸೆಪ್ಟೆಂಬರಿನಲ್ಲಿ ಹತ್ತು ದಿನ ರಜೆ ಪಡೆದು ಬಂದಿದ್ದರು.

ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ 7ನೇ ತಾರೀಖು ರಾತ್ರಿ ಹನ್ನೊಂದೂವರೆಗೆ ಅವನಿಗೆ ಫೋನ್ ಮಾಡಿ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋದೆವು. ಮೈದಾನದಲ್ಲಿ ಕೇಕ್ ಕತ್ತರಿಸಿದೆವು. ಕತ್ತರಿಸಿದ್ದು ಹೆಸರಿಗೆ, ತಿಂದವರು ಯಾರೂ ಇಲ್ಲ. ಎಲ್ಲ ಅವನ ಮುಖಕ್ಕೆ, ತಲೆಗೆ, ಅಂಗಿಗೆ. ಮೊಟ್ಟೆ, ನೊರೆಯ ಸ್ಪ್ರೇ, ವಿಡಿಯೋ. ಅವನು ಮನೆ ಸೇರುವಾಗ ಒಂದೂವರೆ. ಬೆಳಿಗ್ಗೆಯ ಬಲಿಪೂಜೆಗೆ ಅವನಿಗೆ ಏಳಲಾಗಲಿಲ್ಲ. ತೆನೆ ಹಂಚುವಾಗ ಅವನ ಪಪ್ಪ ಒಬ್ಬರೇ ಸಾಲಿನಲ್ಲಿ ನಿಂತದ್ದನ್ನು ನಮ್ಮಲ್ಲಿ ಕೆಲವರು ಕಂಡೂ ಇದ್ದೆವು. ಮಧ್ಯಾಹ್ನ ಮನೆಯಲ್ಲಿ ಎಲೆ ಹಾಕಿ ಊಟಕ್ಕೆ ಕುಳಿತಿದ್ದಾಗ ‘ಟ್ರೀಟ್ ಯಾವಾಗ’ ಎಂದು ನಾವೇ ಮೂರು ಸಲ ಫೋನ್ ಮಾಡಿದೆವು. ಎರಡು ಗಂಟೆಗೆ ಅವನು ಎದ್ದು ಬಂದ. ಪಪ್ಪ ಕೊಟ್ಟ ಎರಡು ಸಾವಿರ ರೂಪಾಯಿ ಪೇಟೆಯ ಹೋಟೆಲಿನಲ್ಲಿ ಖರ್ಚಾಯಿತು. ಈ ಹಬ್ಬದ ದಿನ ನಮ್ಮ ಮನೆಗಳಲ್ಲಿ ಮೀನು ಮಾಂಸ ಮಾಡುವುದಿಲ್ಲ ಎಂಬುದು ನಮಗೆ ನೆನಪಾದದ್ದು ಬಿರಿಯಾನಿಗೆ ಹೇಳಿದ ಮೇಲೆ.

ನಾಲ್ಕು ದಿನ ಕಳೆದು, ಅವರು ಹೊರಡುವ ಮುನ್ನಾದಿನ, ನಾವು ಮೂರು ಮಂದಿ ಅವರನ್ನು ಕಂಡು ಬರಲು ಹೋದೆವು. ಕ್ಷಮೆ ಕೇಳಲು ಹೋದದ್ದಲ್ಲ, ತಪ್ಪು ಮಾಡಿದ್ದೇವೆ ಎಂದೇ ನಮಗೆ ಅನಿಸಿರಲಿಲ್ಲ. ಮನೆಯ ಅಜ್ಜಿ ನೇರ ಮಾತಿನವರು. “ಮಗನ ಹಣೆಗೆ ಶಿಲುಬೆ ಗುರುತು ಹಾಕ್ಲಿಕ್ಕೆ ಅಂತ ಇವ ಹನ್ನೆರಡು ಗಂಟೆಗೆ ಎದ್ದು ಕೂತಿದ್ದ ಮಕ್ಕಳೇ. ಹೋಗಿ ನೋಡಿದ್ರೆ ಮಂಚ ಖಾಲಿ” ಎಂದರು. “ಬಿಡಿ ಅಮ್ಮಾ, ಮಕ್ಕಳಲ್ವಾ, ನಾವೂ ಹೀಗೇ ಇದ್ದದ್ದು” ಎಂದು ಅವನ ಪಪ್ಪ ನಕ್ಕರು. ಅವರು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅಂದಿನಿಂದ ನಾವು ಬೈಬಲಿನಲ್ಲಿ ಹುಟ್ಟುಹಬ್ಬಗಳನ್ನು ಹುಡುಕತೊಡಗಿದೆವು. ಸಿಕ್ಕಿದ್ದು ಸಂತೋಷದ ಸಂಗತಿಗಳಲ್ಲ. ಆದಿಕಾಂಡದ 40ನೇ ಅಧ್ಯಾಯದಲ್ಲಿ ಫರೋಹನ ಹುಟ್ಟುಹಬ್ಬವಿದೆ. ಆ ದಿನ ಪಾನಸೇವಕರ ಮುಖ್ಯಸ್ಥನಿಗೆ ಕೆಲಸ ಮರಳಿ ಸಿಕ್ಕಿತು, ರೊಟ್ಟಿ ಮಾಡುವವರ ಮುಖ್ಯಸ್ಥನನ್ನು ಗಲ್ಲಿಗೇರಿಸಲಾಯಿತು. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಹೆರೋದನ ಹುಟ್ಟುಹಬ್ಬವಿದೆ. ಅಧಿಕಾರಿಗಳು, ಸೇನಾಪತಿಗಳು, ಗಲಿಲೇಯದ ಗಣ್ಯರು, ಊಟ, ಕುಣಿತ ಯಾವುದಕ್ಕೂ ಕಡಿಮೆಯಿರಲಿಲ್ಲ. ಅಲ್ಲಿ ಒಬ್ಬ ಹುಡುಗಿಯೂ ಇದ್ದಳು. ಏನು ಬೇಕಾದರೂ ಕೇಳು ಎಂದಾಗ ಅವಳು ನೇರ ತಾಯಿಯ ಬಳಿ ಹೋಗಿ ಏನು ಕೇಳಲಿ ಎಂದಳು. ತಾಯಿ ಕಲಿಸಿಕೊಟ್ಟದ್ದು ಸ್ನಾನಿಕ ಯೊವಾನ್ನರ ತಲೆಯನ್ನು. ಹೆರೋದನಿಗೆ ಇದು ಬೇಡವಾಗಿತ್ತು, ಅವನು ದುಃಖಪಟ್ಟ ಎಂದೇ ಮಾರ್ಕ ಬರೆಯುತ್ತಾನೆ. ಆದರೂ ಅತಿಥಿಗಳೆಲ್ಲ ನೋಡುತ್ತಿದ್ದರು, ಆಡಿದ ಮಾತು ತಪ್ಪಲು ನಾಚಿಕೆಯಾಯಿತು. ಬೇಡವೆಂದು ಮನಸ್ಸು ಹೇಳುತ್ತಿದ್ದರೂ ಸುತ್ತ ಇರುವವರ ಮುಂದೆ ಬೇಡ ಎನ್ನಲಾಗದೆ ಹೋಗುವುದು ನಮಗೆ ಪರಿಚಯವಿಲ್ಲದ್ದೇನಲ್ಲ. ಆ ರಾತ್ರಿ ಮೈದಾನಕ್ಕೆ ಬರಲು ತನಗೂ ಮನಸ್ಸಿರಲಿಲ್ಲ ಎಂದು ನಮ್ಮ ಹುಡುಗ ಆಮೇಲೆ ಹೇಳಿದ. ಬಾರದಿದ್ದರೆ ಗ್ರೂಪಿನಲ್ಲಿ ಏನೆನ್ನುತ್ತಾರೋ ಎಂದು ಬಂದನಂತೆ.

ಹಾಗಾದರೆ ಹುಟ್ಟುಹಬ್ಬ ಆಚರಿಸುವುದೇ ತಪ್ಪೇ? ಖಂಡಿತ ಅಲ್ಲ. ಧರ್ಮಸಭೆ ಸಂತರನ್ನು ಸಾಮಾನ್ಯವಾಗಿ ನೆನೆಯುವುದು ಅವರು ಸ್ವರ್ಗ ಸೇರಿದ ದಿನದಂದು. ಜನನದ ದಿನವನ್ನು ಹಬ್ಬವಾಗಿ ಆಚರಿಸುವುದು ಮೂವರದ್ದು ಮಾತ್ರ: ಡಿಸೆಂಬರ್ 25ಕ್ಕೆ ಯೇಸುಸ್ವಾಮಿಯದ್ದು, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನವರದ್ದು, ಜೂನ್ 24ಕ್ಕೆ ಸ್ನಾನಿಕ ಯೊವಾನ್ನರದ್ದು. ಒಬ್ಬ ಅರಸನ ಹುಟ್ಟುಹಬ್ಬದಲ್ಲಿ ಪ್ರಾಣ ಕಳೆದುಕೊಂಡವರ ಹುಟ್ಟುಹಬ್ಬವನ್ನೇ ಧರ್ಮಸಭೆ ಪ್ರತಿ ವರ್ಷ ಆಚರಿಸುತ್ತದೆ.

ಯೊವಾನ್ನರ ಜನನ ಹೇಗಿತ್ತು ಎಂಬುದನ್ನು ಲೂಕ ಮೊದಲನೇ ಅಧ್ಯಾಯದಲ್ಲೇ ಹೇಳುತ್ತಾನೆ. ಅದು ಅರಮನೆಯ ಔತಣವಲ್ಲ, ಬೆಟ್ಟದ ಊರಿನ ಒಂದು ಮನೆ. ನೆರೆಹೊರೆಯವರು, ನೆಂಟರು ಎಲಿಸಬೇತಳ ಸಂತೋಷದಲ್ಲಿ ಪಾಲುಗೊಳ್ಳಲು ಬಂದರು. ಎಂಟನೇ ದಿನ ಹೆಸರಿಡುವಾಗ ಅವರವರ ಅಭಿಪ್ರಾಯ ಅವರವರದ್ದು, ನಮ್ಮ ಮನೆಗಳ ಹಾಗೆಯೇ. ತಂದೆ ಜಕರೀಯ ತಿಂಗಳುಗಳಿಂದ ಮೂಕನಾಗಿದ್ದ. ಹಲಗೆ ತರಿಸಿ ಹೆಸರು ಬರೆದ ಕೂಡಲೇ ಅವನ ನಾಲಿಗೆ ಸಡಿಲವಾಯಿತು. ಆಗ ಅವನು ಮೊದಲು ದೇವರನ್ನು ಸ್ತುತಿಸಿದ. ನಂತರ ತೊಟ್ಟಿಲ ಮಗುವಿನ ಕಡೆ ತಿರುಗಿ, ನೀನು ದೇವರಿಗಾಗಿ ಏನಾಗುವೆ ಎಂದು ನೇರವಾಗಿ ಆ ಮಗುವಿಗೇ ಹೇಳಿದ. ಧರ್ಮಸಭೆ ಆ ಮಾತುಗಳನ್ನು ಪ್ರತಿದಿನ ಬೆಳಗಿನ ಪ್ರಾರ್ಥನೆಯಲ್ಲಿ ಹಾಡುತ್ತದೆ.

ನಮ್ಮ ಊರಿನ ಎಷ್ಟೋ ಅಪ್ಪಂದಿರೂ ಒಂದು ರೀತಿಯಲ್ಲಿ ಮೂಕರೇ. ಕೊಲ್ಲಿಯಿಂದ ದಿನವೂ ವಿಡಿಯೋ ಕರೆ ಬರುತ್ತದೆ. “ಊಟ ಆಯ್ತಾ, ಓದು ಹೇಗುಂಟು, ಮಮ್ಮಿಗೆ ಕೊಡು.” ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಪ್ರೀತಿ ಇಲ್ಲವೆಂದಲ್ಲ, ಹೇಳಲು ಒಂದು ಹೊತ್ತು ಬೇಕಾಗುತ್ತದೆ. ಹನ್ನೊಂದು ವರ್ಷ ಕಾದು ಒಬ್ಬ ಅಪ್ಪ ಆ ಹೊತ್ತನ್ನು ಹುಡುಕಿಕೊಂಡು ಬಂದಿದ್ದರು. ಅದನ್ನು ನಾವು ಎತ್ತಿಕೊಂಡು ಹೋದೆವು.

ಅವರು ಹಾಕಬೇಕೆಂದಿದ್ದ ಶಿಲುಬೆಯ ಗುರುತು ಸಣ್ಣದಲ್ಲ. ದೀಕ್ಷಾಸ್ನಾನದ ದಿನ ಗುರುಗಳು ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿದ ಮೇಲೆ ತಂದೆ ತಾಯಿಗೂ ಜ್ಞಾನಪೋಷಕರಿಗೂ ಹಾಗೆಯೇ ಮಾಡಲು ಹೇಳುತ್ತಾರೆ. ಆ ಹೆಬ್ಬೆರಳಿಗೆ ಅಂದು ಸಿಕ್ಕ ಅಧಿಕಾರವನ್ನು ಯಾರೂ ಹಿಂದೆ ತೆಗೆದುಕೊಂಡಿಲ್ಲ. ಮನೆಯನ್ನು ಒಂದು ಪುಟ್ಟ ಧರ್ಮಸಭೆ ಎಂದೂ, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆ ತಾಯಿ ಎಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ನಮ್ಮ ಹಿರಿಯರಿಗೆ ಇದು ಮಹಾಸಭೆಗಿಂತ ಮೊದಲೇ ಗೊತ್ತಿತ್ತು. ಸಂಜೆ ಜಪಸರ ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರ ಆಶೀರ್ವಾದ ಕೇಳುತ್ತಿದ್ದರು. ಕೊಂಕಣಿ ಮನೆಗಳಲ್ಲಿ ಅದಕ್ಕೆ ‘ಬೆಸಾಂವ್’ ಎನ್ನುತ್ತಾರೆ, ಕನ್ನಡದ ಮನೆಗಳಲ್ಲಿ ನಾವು ಆಶೀರ್ವಾದ ಎಂದೇ ಕೇಳುತ್ತಿದ್ದೆವು. ಹತ್ತನೇ ತರಗತಿ ದಾಟಿದ ಮೇಲೆ ನಮಗೆ ನಾಚಿಕೆ ಬಂತು, ಬಿಟ್ಟೆವು.

ಹರೆಯದಲ್ಲಿ ಮನೆಯಿಂದ ಹೊರಗೆ ಮನಸ್ಸು ಹೋಗುವುದು ಪಾಪವೆಂದು ನಾವು ಹೇಳುತ್ತಿಲ್ಲ. ಹನ್ನೆರಡರ ಯೇಸುಸ್ವಾಮಿಯೂ ಜೆರುಸಲೇಮಿನಲ್ಲಿ ಹಿಂದೆ ಉಳಿದರು. ನೆಂಟರ, ಪರಿಚಿತರ ಗುಂಪಿನಲ್ಲಿ ಇರಬಹುದೆಂದುಕೊಂಡು ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದಿದ್ದರು. ಮಗ ಸಿಕ್ಕಿದ್ದು ಮೂರನೇ ದಿನ. ಹೀಗೇಕೆ ಮಾಡಿದೆ ಎಂದು ತಾಯಿ ಕೇಳಿಯೇ ಕೇಳಿದರು. ತನ್ನ ಪಿತನ ಮನೆಯಲ್ಲಿ ಇರಬೇಕಾದದ್ದೇ ಅಲ್ಲವೇ ಎಂದ ಮಗ ಆಮೇಲೆ ಅವರ ಜೊತೆ ನಜರೇತಿಗೆ ಇಳಿದು ಬಂದ. ಯೇಸುಸ್ವಾಮಿ ಬೋಧನೆ ಆರಂಭಿಸುವಾಗ ಸುಮಾರು ಮೂವತ್ತು ವರ್ಷ. ನಡುವಿನ ಹದಿನೆಂಟು ವರ್ಷಗಳ ಬಗ್ಗೆ ಲೂಕ ಹೇಳುವುದು ಇಷ್ಟೇ: ಅವರಿಗೆ ವಿಧೇಯನಾಗಿದ್ದ, ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆದ, ದೇವರಿಗೂ ಜನರಿಗೂ ಮೆಚ್ಚಿಕೆಯಾದ. ಒಂದೂ ಅದ್ಭುತವಿಲ್ಲ. ವಿಡಿಯೋ ಮಾಡಿ ಹಾಕುವಂಥದ್ದು ಏನೂ ನಡೆಯಲಿಲ್ಲ. ಮನೆ, ಮರಗೆಲಸ, ಊಟ, ಪ್ರಾರ್ಥನೆ.

ಮನೆಯ ಹಿರಿಯರಿಗೂ ನಮ್ಮದೊಂದು ವಿನಂತಿ, ಸಿಟ್ಟು ಮಾಡಬೇಡಿ. ಮಕ್ಕಳು ಹಬ್ಬದ ಎಲೆಯ ಮುಂದೆ ಕುಳಿತಾಗ ಮಾರ್ಕಿನ ಮಾತು ತೆಗೆಯಬೇಡಿ. ಹರಿವೆ ದಂಟು ಬಡಿಸುವಾಗ ಫಿಸಿಕ್ಸ್, ಪಾಯಸ ಬಡಿಸುವಾಗ ಚಿಕ್ಕಪ್ಪನ ಮಗನ ರ‍್ಯಾಂಕ್. ನಮ್ಮಲ್ಲಿ ಹಲವರು ಹೊರಗೆ ಓಡುವುದು ಬಿರಿಯಾನಿಗಾಗಿ ಅಲ್ಲ, ಈ ಪ್ರಶ್ನೆಗಳಿಗಾಗಿ. ಸ್ನೇಹಿತರನ್ನು ಮನೆಗೆ ಕರೆಯಲು ಬಿಡಿ, ಎಲೆ ಎರಡು ಹೆಚ್ಚು ಹಾಕಿದರೆ ಸಾಕು. ಮಗನ ಅಥವಾ ಮಗಳ ಹುಟ್ಟಿದ ಕಥೆಯನ್ನು ಅವರ ಮುಂದೆ ಒಮ್ಮೆ ಹೇಳಿ: ಎಷ್ಟು ಹೊತ್ತಿಗೆ ಹುಟ್ಟಿದ್ದು, ಆಸ್ಪತ್ರೆಗೆ ಯಾರ ಜೀಪಿನಲ್ಲಿ ಹೋದದ್ದು, ಹೆಸರು ಆರಿಸಿದ್ದು ಯಾರು. ಹದಿನಾರರ ಹುಡುಗ ಕೇಳದವನಂತೆ ಫೋನ್ ನೋಡುತ್ತಿರುತ್ತಾನೆ. ನಂಬಿ, ಅವನು ಕೇಳುತ್ತಿರುತ್ತಾನೆ. ಕಪಾಟಿನಲ್ಲಿರುವ ದೀಕ್ಷಾಸ್ನಾನದ ಪತ್ರವನ್ನೂ ತೆಗೆದು ತೋರಿಸಿ. ಆ ತಾರೀಖು ನೆನಪಿದೆಯೇ ಎಂದು ಪೋಪ್ ಫ್ರಾನ್ಸಿಸರು ಜನರನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ನಮ್ಮ ಸಂಘದಲ್ಲಿ ಕೇಳಿದಾಗ ಗೊತ್ತಿದ್ದವರು ಇಬ್ಬರೇ.

ಆ ಸಂಜೆಯ ಮಾತು ಮುಗಿದಿಲ್ಲ. ಅಜ್ಜಿ ನಮ್ಮನ್ನು ಹಾಗೇ ಕಳುಹಿಸಲಿಲ್ಲ, ಜಪಸರಕ್ಕೆ ಕೂರಿಸಿದರು. ಮುಗಿದ ಮೇಲೆ ಅವನು ಎದ್ದು ಪಪ್ಪನ ಮುಂದೆ ಕೈಮುಗಿದು ನಿಂತ. ಅವರು ಹಣೆಗೆ ಹೆಬ್ಬೆರಳಿಟ್ಟು ತಗ್ಗಿದ ದನಿಯಲ್ಲಿ ಏನೋ ಹೇಳಿದರು. ನಮಗೆ ಕೇಳಿಸಲಿಲ್ಲ, ಆದರೆ ಬಹಳ ಹೊತ್ತು ಹೇಳಿದರು. ಮರುದಿನ ಬೆಳಗ್ಗೆ ಬೇಗ ಅವರು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟರು.

ಈ ವರ್ಷ ಅವರಿಗೆ ರಜೆ ಇಲ್ಲ. ನಾಲ್ಕು ಕಾಳು ಮತ್ತೆ ಕಾಗದದಲ್ಲಿ ಹೋಗಲಿದೆ. ಹುಡುಗನಿಗೆ ಹದಿನೇಳು. ಮಧ್ಯರಾತ್ರಿ ಯಾರನ್ನೂ ಮನೆಯಿಂದ ಹೊರಗೆ ಕರೆಯುವುದಿಲ್ಲ ಎಂದು ನಾವು ಜೂನ್ ತಿಂಗಳ ಸಭೆಯಲ್ಲಿ ತೀರ್ಮಾನಿಸಿದೆವು. ಇಬ್ಬರು ವಿರೋಧಿಸಿದರು, ಅದೂ ಆಯಿತು. ಅವನೇ ನಮ್ಮನ್ನು 8ನೇ ತಾರೀಖು ಸಂಜೆ ಮನೆಗೆ ಕರೆದಿದ್ದಾನೆ. ಪಪ್ಪನ ಡ್ಯೂಟಿ ಬಿಡುವುದು ಅಲ್ಲಿಯ ಐದು ಗಂಟೆಗೆ, ನಮ್ಮ ಏಳೂವರೆಗೆ. ಹಾಗಾಗಿ ಜಪಸರ ಏಳೂಮುಕ್ಕಾಲಿಗೆ. ಫೋನನ್ನು ಪೀಠದ ಮೇಲೆ ಮರಿಯಮ್ಮನವರ ಸ್ವರೂಪಕ್ಕೆ ಒರಗಿಸಿ ಇಡುವುದೆಂದು ಅವನ ಏರ್ಪಾಡು. ಕೇಕ್ ಇದೆ, ತಿನ್ನಲಿಕ್ಕೆ. ಬರುವ ಯುವಜನರು ತಮ್ಮ ಮನೆಯಲ್ಲಿ ಹೊಸ ಅಕ್ಕಿಯ ಊಟ ಮುಗಿಸಿ, ಹೇಳಿ ಬನ್ನಿ.