ಡಿಶ್ ಯಾರಿಗೆ?

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಬಂದು, "ಸರ್, ಕ್ಯಾಂಪಿಂಗ್‌ಗೆ ತಗೊಂಡು ಹೋಗೋಕೆ ಒಂದು ಸಣ್ಣ ಡಿಶ್ ಬೇಕು. ನೀವು ಒಂದ್ಸಲ ಊರಲ್ಲಿ ಹಾಕಿದ್ರಂತಲ್ಲ, ಯಾವ ಸೈಜ್ ತಗೊಳ್ಳಲಿ?" ಅಂತ ಕೇಳಿದ. ಸರಳ ಪ್ರಶ್ನೆ. ಅಂಗಡಿಯವನಾಗಿದ್ರೆ ಅರ್ಧ ನಿಮಿಷದಲ್ಲಿ ಉತ್ತರ ಹೇಳ್ತಿದ್ದ. ನಾನು ಮಾತ್ರ "ಯಾರು ನೋಡೋಕೆ?" ಅಂತ ವಾಪಸ್ ಕೇಳಿದೆ. ಅವನಿಗೆ ಅರ್ಥ ಆಗಲಿಲ್ಲ. ಯಾಕೆ ಹಾಗೆ ಕೇಳಿದೆ ಅನ್ನೋದನ್ನ ಇಲ್ಲಿ ಬರೀತಿದ್ದೀನಿ.

ನಮ್ಮೂರು ತೋವಿನಕೆರೆ ಕಡೆ, ಕೊರಟಗೆರೆ ತಾಲ್ಲೂಕು. ಸಿದ್ದರಬೆಟ್ಟ ಕಣ್ಣಿಗೆ ಕಾಣುತ್ತೆ. ನಮ್ಮ ಹೊಲ ಊರಿಂದ ಒಂದೂವರೆ ಮೈಲಿ ಆಚೆ, ಗುಡ್ಡದ ಮರೆಯಲ್ಲಿದೆ. ಅಲ್ಲಿ ಫೋನಿಗೆ ನೆಟ್‌ವರ್ಕ್ ಸಿಕ್ಕಿದ್ರೆ ಪುಣ್ಯ. ಕಡ್ಲೆಕಾಯಿ ಬಲಿಯೋ ಹೊತ್ತಿಗೆ ಕಾಡುಹಂದಿ ಕಾಟ ಶುರು. ಒಂದೇ ರಾತ್ರಿ ಬಿಟ್ಟರೂ ಬೆಳಿಗ್ಗೆ ಹೊಲ ಉತ್ತು ಹಾಕಿದ ಹಾಗೆ ಇರುತ್ತೆ. ಅದಕ್ಕೇ ಅಪ್ಪ ಅಲ್ಲೇ ಗುಡಿಸಲಲ್ಲಿ ಮಲಗ್ತಾನೆ. ಮಲಗ್ತಾನೆ ಅನ್ನೋದು ಮಾತಿಗೆ ಅಷ್ಟೆ. ಹಂದಿ ಕಾಯಬೇಕು, ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಅಂತ ಮೋಟಾರಿಗೂ ಕಾಯಬೇಕು. ಅರವತ್ತು ದಾಟಿದ ಮನುಷ್ಯ, ಒಂದು ಬ್ಯಾಟರಿ, ಒಂದು ದೊಣ್ಣೆ, ಒಂದು ನಾಯಿ.

2021ರಲ್ಲಿ ಅಪ್ಪ ಒಂದು ಸಲ ಕೇಳಿದ: "ಹೊಲದತ್ರ ಒಂದು ಸಣ್ಣ ಟೀವಿ ಇಟ್ಕಬೋದೇನಪ್ಪ? ರಾತ್ರಿ ಹೊತ್ತೇ ಹೋಗದಿಲ್ಲ."

ನಾನು ನಕ್ಕೆ. "ಅಲ್ಲೂ ಟೀವಿ ಬೇಕಾ ನಿಂಗೆ? ಅಷ್ಟು ಚೆನ್ನಾಗಿರೋ ಜಾಗ, ತಣ್ಣಗೆ, ನಿಶ್ಶಬ್ದ. ನಾವು ಬೆಂಗಳೂರಲ್ಲಿ ಅದಕ್ಕೇ ದುಡ್ಡು ಕೊಟ್ಟು ಹೋಗ್ತೀವಿ ಗೊತ್ತಾ" ಅಂದೆ. ಮಾರನೇ ವರ್ಷ ಅಮ್ಮನ ಕೈಲಿ ಹೇಳಿಸಿದ. ಆಗಲೂ ಏನೋ ಹೇಳಿ ಜಾರಿಕೊಂಡೆ. ಕಣ್ಣು ಹಾಳಾಗುತ್ತೆ, ಬ್ಯಾಟರಿ ತಂತಿ ಅಂತ ರಾತ್ರಿ ಹೊತ್ತು ಏನಾದ್ರೂ ಆದ್ರೆ, ಟೀವಿ ಸದ್ದಲ್ಲಿ ಹಂದಿ ಬಂದಿದ್ದೇ ಗೊತ್ತಾಗದಿದ್ರೆ. ಕಾರಣಕ್ಕೇನು ಬರ. ಅದೇ ವರ್ಷ ನನ್ನ ಬ್ಲಾಗಿನಲ್ಲಿ ಹೊಲದ ರಾತ್ರಿಯ ಮೌನದ ಬಗ್ಗೆ ಉದ್ದಕ್ಕೆ ಬರೆದಿದ್ದೆ. ತುಂಬ ಜನ ಮೆಚ್ಚಿದ್ರು.

2023ರ ಅಕ್ಟೋಬರ್. ಆಯುಧಪೂಜೆ ಸಾಲುರಜೆ. ನಾವು ಐದು ಜನ ಟೆಂಟ್ ಹಾಕೋಣ ಅಂತ ಮಾತಾಡಿಕೊಂಡೆವು. ಬೆಟ್ಟದ ಮೇಲೆ ರಾತ್ರಿ ಉಳಿಯೋದು ಬೇಡ, ಕರಡಿ ಚಿರತೆ ಓಡಾಡೋ ಜಾಗ, ನಮ್ಮ ಬೀಳು ಹೊಲದಲ್ಲೇ ಹಾಕೋಣ ಅಂದೆ. ಎಲ್ಲರೂ ಖುಷಿಯಾದ್ರು. ಒಬ್ಬ ಮಾತ್ರ, "ಮಗಾ, ಭಾನುವಾರ ಇಪ್ಪತ್ತೆರಡಕ್ಕೆ ನ್ಯೂಜಿಲೆಂಡ್ ಮ್ಯಾಚು, ವಿಶ್ವಕಪ್ಪು. ನೆಟ್‌ವರ್ಕ್ ಇಲ್ಲ ಅಂತೀಯ, ಏನ್ ಮಾಡೋದು?" ಅಂದ.

ಅರ್ಧ ಗಂಟೆಯಲ್ಲಿ ಡಿಶ್ ಆರ್ಡರ್ ಮಾಡಿದ್ದೆ. ಮಾಡಿದವನು ನಾನೇ.

ಆ ಅರ್ಧ ಗಂಟೆಯಲ್ಲಿ ಓದಿದ್ದೆಲ್ಲ ಈಗಲೂ ನೆನಪಿದೆ, ಕೇಳಿದ ಹುಡುಗನಿಗೂ ಉಪಯೋಗಕ್ಕೆ ಬರುತ್ತೆ. ಅಮೆರಿಕದಲ್ಲಿ ಮನೆಯಂಥ ವ್ಯಾನು ತಗೊಂಡು ಊರೂರು ಸುತ್ತೋರಿಗೆ ಅಂತಲೇ ತಾನೇ ತಿರುಗಿ ಉಪಗ್ರಹ ಹುಡುಕಿಕೊಳ್ಳೋ ಡಿಶ್‌ಗಳಿವೆ. ಅವು ಅಲ್ಲಿನ ಉಪಗ್ರಹಕ್ಕೆ ಮಾಡಿದವು, ನಮಗೆ ಆಗಲ್ಲ. ನಮಗೆ ಸಾಕಾಗೋದು ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಗಿದ್ದು, ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಚಂದನ ಬರುತ್ತೆ, ಡಿಡಿ ಸ್ಪೋರ್ಟ್ಸ್ ಬರುತ್ತೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನ ಖಾಸಗಿ ಚಾನೆಲ್‌ನವರು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾಯಿದೆಯೇ ಇದೆ.

ಈ ಚಾನೆಲ್‌ಗಳು ಬರೋದು ಜಿಸ್ಯಾಟ್-15 ಉಪಗ್ರಹದಿಂದ. ಅದು ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ನಮ್ಮೂರಿಂದ ಲೆಕ್ಕ ಹಾಕಿದ್ರೆ ದಿಕ್ಕು ಆಗ್ನೇಯ, ನೆಲದಿಂದ 65 ಡಿಗ್ರಿ ಮೇಲಕ್ಕೆ. ಅಂದ್ರೆ ಗುಡ್ಡದ ಅಡ್ಡ ಇದ್ರೂ ಭಯವಿಲ್ಲ. ಆದ್ರೆ ಹುಣಸೆಮರದ ಕೆಳಗೆ ಇಟ್ರೆ ಕೆಟ್ಟಿತು. ಮನೆ ಡಿಶ್‌ನಲ್ಲಿ ತೋಳು ಕೆಳಗಿಂದ ಬಂದಿರುತ್ತಲ್ಲ, ಹಾಗಾಗಿ ತಟ್ಟೆ ಎಷ್ಟು ಮೇಲೆ ನೋಡ್ತಿದೆ ಅಂತ ಕಣ್ಣಿಗೆ ಕಾಣುತ್ತೋ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿಂದ ಸಿಗ್ನಲ್ ಹಿಡಿಯುತ್ತೆ. ಕಣ್ಣಂದಾಜು ನಂಬಬಾರದು, ಪಕ್ಕದ ಸ್ಕೇಲ್ ನೋಡಬೇಕು.

ಕರೆಂಟಿನ ಲೆಕ್ಕವೂ ಸುಲಭ. ಬಾಕ್ಸು, 12 ವೋಲ್ಟಿನ ಸಣ್ಣ ಟೀವಿ ಎರಡೂ ಸೇರಿ ಮೂವತ್ತು ವ್ಯಾಟ್ ಅಂತ ಇಟ್ಕೊಳ್ಳಿ. 12 ವೋಲ್ಟ್, 40 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದ್ರೂ ಎಂಟು ಗಂಟೆ ಓಡುತ್ತೆ. ಕಾರಿನ ಬ್ಯಾಟರಿಗೇ ಸಿಕ್ಕಿಸೋದು ಬೇಡ, ಬೆಳಿಗ್ಗೆ ಕಾರು ತಳ್ಳಬೇಕಾಗುತ್ತೆ.

ಇನ್ನು ಸೈಜು. ಸಿಗ್ನಲ್ ಎಷ್ಟು ಸಿಗುತ್ತೆ ಅನ್ನೋದು ತಟ್ಟೆಯ ಅಗಲದ ಮೇಲಲ್ಲ, ವಿಸ್ತೀರ್ಣದ ಮೇಲೆ. 60 ಸೆಂಟಿಮೀಟರ್ ಡಿಶ್ ಹಿಡಿಯೋದರಲ್ಲಿ 45 ಸೆಂಟಿಮೀಟರಿನದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಅಷ್ಟೆ. ಆಕಾಶ ಶುಭ್ರವಾಗಿದ್ರೆ ಅದೂ ನಡೆಯುತ್ತೆ. ಹಗುರ, ಬ್ಯಾಗಿಗೆ ಹೋಗುತ್ತೆ, ದಿಕ್ಕು ಒಂದು ಡಿಗ್ರಿ ಆಚೀಚೆ ಆದ್ರೂ ಕ್ಷಮಿಸುತ್ತೆ. ಆದ್ರೆ ಮೋಡ ಕಟ್ಟಿ ದಪ್ಪ ಹನಿ ಬಿದ್ದ ತಕ್ಷಣ ಚಿತ್ರ ಹೋಗುತ್ತೆ. ಕೆಯು ಬ್ಯಾಂಡ್ ತರಂಗಕ್ಕೂ ಮಳೆಗೂ ಆಗಿಬರಲ್ಲ. ನಾವು ಹೋಗೋದು ಒಳ್ಳೇ ಹವಾ ನೋಡ್ಕೊಂಡು ತಾನೆ, 45 ಸಾಕು ಅಂತ ಅದನ್ನೇ ತರಿಸಿದೆ.

ಭಾನುವಾರ ಮಧ್ಯಾಹ್ನ ಹೊಲದಲ್ಲಿ ಡಿಶ್ ನಿಂತಿತು. ಸ್ಟ್ಯಾಂಡಿನ ಕಾಲಿಗೆ ಮರಳು ಚೀಲ ಕಟ್ಟಿದೆವು. ಅದು ಬರದ ವರ್ಷ, ರಾಜ್ಯದ ಬಹುಪಾಲು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿತ್ತು. ನೆಲ ಕಲ್ಲಿನ ಹಾಗಿತ್ತು, ಗೂಟ ಇಳಿಯಲಿಲ್ಲ. ಸಂಜೆ ಅಪ್ಪ ಒಂದು ಸಲ ಬಂದು ಡಿಶ್ ನೋಡಿ, "ಚೆನ್ನಾಗೈತೆ" ಅಂತ ಅಂದು ತನ್ನ ಗುಡಿಸಲ ಕಡೆ ಹೋದ. ನಮ್ಮ ಟೆಂಟಿಗೂ ಗುಡಿಸಲಿಗೂ ಇನ್ನೂರು ಹೆಜ್ಜೆ ದೂರ.

ಮ್ಯಾಚು ಚೆನ್ನಾಗಿ ನಡೀತಿತ್ತು. ಧರ್ಮಶಾಲಾದಲ್ಲಿ ಮಂಜು ಬಂದು ಸ್ವಲ್ಪ ಹೊತ್ತು ಆಟ ನಿಂತಿತು, ಮತ್ತೆ ಶುರುವಾಯ್ತು. ಗೆಲ್ಲೋಕೆ ಇನ್ನೇನು ಐದು ರನ್ ಅನ್ನೋವಾಗ ಕೊಹ್ಲಿ 95ಕ್ಕೆ ಔಟಾದ. ನಾವೆಲ್ಲ ತಲೆ ಮೇಲೆ ಕೈ ಇಟ್ಟುಕೊಂಡೆವು. ಅದೇ ಕ್ಷಣಕ್ಕೆ ಹಿಂದೆ ಕತ್ತಲಲ್ಲಿ ಯಾರೋ "ಅಯ್ಯೋ, ಹೋದ್ನಲ್ಲಾ!" ಅಂದ್ರು.

ತಿರುಗಿ ನೋಡಿದೆ. ಹುಣಸೆಮರದ ಪಕ್ಕ ಅಪ್ಪ ನಿಂತಿದ್ದ, ಕಂಬಳಿ ಹೊದ್ಕೊಂಡು, ದೊಣ್ಣೆ ಊರಿಕೊಂಡು. ಅರ್ಧ ಚಂದ್ರನ ಬೆಳಕು. ಎಷ್ಟು ಹೊತ್ತಿಂದ ನಿಂತಿದ್ದನೋ ಗೊತ್ತಿಲ್ಲ. ಸ್ನೇಹಿತರು ಎದ್ದು, "ಬನ್ನಿ ಅಂಕಲ್, ಕೂತ್ಕೊಳ್ಳಿ" ಅಂತ ಕುರ್ಚಿ ಎಳೆದ್ರು. "ಇಲ್ಲ ಕಣ್ರಪ್ಪ, ನೀವು ನೋಡ್ರಿ. ನಾನು ಹಂಗೇ ಒಂದು ಸುತ್ತು ಬಂದೆ" ಅಂತ ಹೊರಟೇ ಬಿಟ್ಟ. ಅವನ ಹೊಲ, ಅವನ ಮರ, ಮಗ ತಂದ ಡಿಶ್. ಕದ್ದು ನೋಡೋನ ಹಾಗೆ ನಿಂತಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಗುಡಿಸಲಿಗೆ ಹೋದೆ. ಅಪ್ಪ ಎಚ್ಚರವಾಗೇ ಇದ್ದ. "ಕೋಪ ಏನಪ್ಪ?" ಅಂದೆ. "ಕೋಪ ಯಾಕೆ" ಅಂದ. ಆಮೇಲೆ ಅವನಾಗೇ ಹೇಳಿದ: "ನಿನ್ನ ವಯಸ್ಸಲ್ಲಿ ನಾನು ಇಲ್ಲಿ ಮಲಗ್ತಿದ್ದಾಗ ಟೀವಿ ಗೀವಿ ಬೇಕು ಅನ್ನಿಸ್ತಾನೇ ಇರಲಿಲ್ಲ. ಸುತ್ತ ಎಲ್ಲಾ ಹೊಲದಾಗೂ ಒಬ್ಬೊಬ್ಬ ಇರೋನು. ಈ ಗುಡಿಸಲಿಂದ ಕೂಗಿದ್ರೆ ಆ ಗುಡಿಸಲಿಂದ ಕೂಗೋರು. ಪದ ಹೇಳೋರು, ಬೀಡಿಗೆ ಅಂತ ಬರೋರು. ಈಗ ಕೂಗಿದ್ರೆ ಯಾರವ್ರೆ? ಎಲ್ಲಾರ ಮಕ್ಕಳೂ ಬೆಂಗ್ಳೂರು."

ನಾನು ಬ್ಲಾಗಿನಲ್ಲಿ ಹೊಗಳಿ ಬರೆದಿದ್ದ ಮೌನ ಇದು. ಅದು ಪ್ರಕೃತಿ ಕೊಟ್ಟಿದ್ದಲ್ಲ, ನಾವೆಲ್ಲ ಊರು ಬಿಟ್ಟು ಹೋಗಿದ್ರಿಂದ ಆಗಿದ್ದು. ನಾನು ಬಿಇ ಮಾಡಿ, ಕೆಲಸ ಹಿಡಿದು, ಅಲ್ಲಿನ ಸದ್ದು ಸಾಕಾಗಿ, ಎರಡು ದಿನಕ್ಕೆ ಅಂತ ಇಲ್ಲಿ ಬಂದು ಅದನ್ನ ಸವಿದು ಹೋಗ್ತೀನಿ. ನನಗೆ ಸಾಕು ಅನ್ನಿಸಿದಾಗ ಕಾರು ಹತ್ತಬಹುದು. ಅಪ್ಪನಿಗೆ ಆ ಸೌಕರ್ಯ ಇಲ್ಲ. ಬೇಕು ಅಂದಾಗ ಬಿಟ್ಟು ಎದ್ದು ಹೋಗೋ ಹಾಗಿದ್ರೆ ಮಾತ್ರ ನಿಶ್ಶಬ್ದ ನೆಮ್ಮದಿ. ಹೋಗೋಕಾಗದವನಿಗೆ ಅದು ಒಂಟಿತನ. ಎರಡೂ ನೋಡೋಕೆ ಒಂದೇ ಥರ ಇರೋದ್ರಿಂದ ನಮ್ಮಂಥವರು ಮೋಸ ಹೋಗ್ತೀವಿ. ಅಥವಾ ಮೋಸ ಹೋಗೋದು ನಮಗೆ ಅನುಕೂಲ.

ಹಳ್ಳಿಯವರಿಗೆ ಏನು ಒಳ್ಳೇದು ಅಂತ ಬೇರೆಯವರು ತೀರ್ಮಾನ ಮಾಡೋದು ಹೊಸದೇನಲ್ಲ. 1975ರಲ್ಲಿ ಸೈಟ್ ಅನ್ನೋ ಪ್ರಯೋಗ ನಡೀತು. ನಾಸಾದ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ತೋರಿಸಿದ್ರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೆ ಆ ಭಾಗ್ಯ ಬಂತು. ಕೋಳಿ ಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್. ವ್ಯವಸಾಯ, ಆರೋಗ್ಯ, ಕುಟುಂಬ ಯೋಜನೆ, ಮಕ್ಕಳಿಗೆ ಪಾಠ. ದೊಡ್ಡ ಕೆಲಸವೇ, ಅಲ್ಲಗಳೆಯಲ್ಲ. ಆದ್ರೆ ಏನು ನೋಡಬೇಕು ಅಂತ ಆರಿಸಿದ್ದು ಬೇರೆಯವರು. 1995ರಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ್ದೇ ಒಂದು ಕೇಸಿನಲ್ಲಿ, ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಕೋರ್ಟು ಹೇಳಿ ಮೂವತ್ತು ವರ್ಷ ಹತ್ತಿರ ಬಂದರೂ ನಮ್ಮ ಹೊಲದ ಮೇಲಿನ ತರಂಗಕ್ಕೆ ಅಡ್ಡ ನಿಂತಿದ್ದವನು ನಾನೊಬ್ಬನೇ.

ನನ್ನ ಕಾರಣಗಳೆಲ್ಲ ಸುಳ್ಳು ಅಂತಲ್ಲ. ರಾತ್ರಿ ಹೊಲದಲ್ಲಿ ಟೀವಿ ಜೋರಾಗಿ ಇಟ್ರೆ ಪಕ್ಕದವರಿಗೂ ಕಿರಿಕಿರಿ, ಪ್ರಾಣಿಗಳಿಗೂ ಕಿರಿಕಿರಿ. ಬೇರೆಯವರ ಜಾಗಕ್ಕೆ ಟೆಂಟ್ ಹಾಕೋಕೆ ಹೋಗೋರು ಇದನ್ನ ಇನ್ನೂ ಯೋಚಿಸಬೇಕು, ಆ ರಾತ್ರಿ ನಾವೇ ಯೋಚಿಸಿರಲಿಲ್ಲ. ಆದ್ರೆ ಅದು ವಾಲ್ಯೂಮ್ ಎಷ್ಟಿರಬೇಕು ಅನ್ನೋ ಪ್ರಶ್ನೆ. ಟೀವಿ ಬೇಡ ಅನ್ನೋಕೆ ಅದೊಂದು ನೆಪ ಆಗಬಾರದಿತ್ತು. ಪರೀಕ್ಷೆ ಸುಲಭ: ಅದೇ ಕಾರಣ ಕೊಟ್ಟು ಸ್ನೇಹಿತನಿಗೆ ಬೇಡ ಅಂದಿದ್ನಾ? ಇಲ್ಲ. ಅವನಿಗೆ ಅರ್ಧ ಗಂಟೆ, ಅಪ್ಪನಿಗೆ ಎರಡು ವರ್ಷ.

ಬೆಳಿಗ್ಗೆ ಹೊರಡುವಾಗ ಡಿಶ್, ಬಾಕ್ಸು, ಟೀವಿ ಎಲ್ಲಾ ಗುಡಿಸಲಲ್ಲೇ ಬಿಟ್ಟೆವು. ಅಷ್ಟಕ್ಕೇ ಕಥೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಮಾರನೇ ವರ್ಷ ಮಳೆ ಚೆನ್ನಾಗಿ ಬಂತು. ಫೋನ್ ಮಾಡಿದಾಗ ಅಪ್ಪ, "ಮಳೆ ಬಂದ್ರೆ ನಿನ್ನ ಟೀವಿ ಮಕಾಡೆ ಮಲಗ್ತದೆ" ಅಂದ. ಆಗ ನನಗೆ ಹೊಳೆದಿದ್ದು. 45 ಸೆಂಟಿಮೀಟರ್ ಅನ್ನೋ ನನ್ನ ಆಯ್ಕೆಯಲ್ಲೇ ಯಾರಿಗೆ ಅನ್ನೋದು ಇತ್ತು. ಹವಾ ನೋಡಿಕೊಂಡು ಬರೋನಿಗೆ 45 ಸಾಕು. ಮಳೆ ಇರಲಿ ಬಿಡಲಿ ಅಲ್ಲೇ ಇರಬೇಕಾದವನಿಗೆ ಅದು ಸಾಲದು. ಅದರಲ್ಲೂ ಮಳೆ ಸುರಿಯೋ ರಾತ್ರಿಯೇ ಅವನಿಗೆ ಜೊತೆ ಬೇಕಾಗಿರೋದು.

ಈ ಸಲ 90 ಸೆಂಟಿಮೀಟರಿಂದು ತಂದು, ಕಲ್ಲುಕಂಬಕ್ಕೆ ಪೈಪು ಬಿಗಿದು ಕೂರಿಸಿದೆ. 60ರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸಿಗ್ನಲ್ ಹಿಡಿಯುತ್ತೆ. ತೀರಾ ಬಿರುಮಳೆಗೆ ಅದೂ ನಿಲ್ಲುತ್ತೆ, ಆದ್ರೆ ಸಾಮಾನ್ಯ ಮಳೆಗೆ ಜಗ್ಗಲ್ಲ. ದೊಡ್ಡ ತಟ್ಟೆಗೆ ದಿಕ್ಕು ಕರಾರುವಾಕ್ಕಾಗಿ ಇರಬೇಕು, ಗಾಳಿಗೆ ಸ್ವಲ್ಪ ತಿರುಗಿದ್ರೂ ಚಿತ್ರ ಹೋಗುತ್ತೆ. ಅದಕ್ಕೆ ಅಪ್ಪನೇ ಪೈಪಿನ ಮೇಲೂ ಬ್ರಾಕೆಟ್ ಮೇಲೂ ಎತ್ತಿನ ಕೊಂಬಿಗೆ ಬಳಿಯೋ ಪೇಂಟಿನಲ್ಲಿ ಗೆರೆ ಎಳೆದಿದ್ದಾನೆ. ಗೆರೆಗೆ ಗೆರೆ ಕೂಡಿಸಿದ್ರೆ ಆಯ್ತು, ನನ್ನ ಆ್ಯಪ್ ಬೇಡ.

ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ನೀವು ನೋಡೋಕಾದ್ರೆ 45 ತಗೊಳ್ಳಿ, ಮರಳು ಚೀಲ ಮರೀಬೇಡಿ, ಸೌಂಡ್ ಕಮ್ಮಿ ಇಡಿ, ಅಕ್ಕಪಕ್ಕ ಯಾರಾದ್ರೂ ಕಾವಲಿಗೆ ಇದ್ರೆ ಮೊದಲೇ ಹೋಗಿ ಕರೀರಿ. ಮರದ ಪಕ್ಕ ಬಂದು ನಿಲ್ಲೋವರೆಗೂ ಕಾಯಬೇಡಿ.

ನಿನ್ನೆ ರಾತ್ರಿ ಒಂಬತ್ತರ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ನೆಟ್‌ವರ್ಕ್ ಸಿಕ್ತು. ಹಿಂದೆ ಟೀವಿ ಸದ್ದು, ಅದರ ಜೊತೆ ಇನ್ಯಾರದೋ ಕೆಮ್ಮು. ಕೆರೆ ಪಕ್ಕದ ಹೊಲದ ತಾತ ಬಂದು ಕೂತಿದ್ದನಂತೆ. "ಆಮೇಲೆ ಮಾಡಪ್ಪ, ಈಗ ನೋಡ್ತಾ ಇದೀವಿ" ಅಂತ ಅಪ್ಪ ಫೋನ್ ಇಟ್ಟ.