ಹುಟ್ಟೂರಿನ ಋಣ



ಜನ್ಮಭೂಮಿಯಲ್ಲಿ ಅಭಿಮಾನವಿರುವುದು ಮಾನವನಿಗೆ ಸಹಜವಾದುದು. ಆದರೆ ಆ ಅಭಿಮಾನದ ಮರೆಯಲ್ಲಿ ಮಮಕಾರವು ಹೇಗೆ ಅಡಗಿ ಕುಳಿತಿರುವುದೆಂಬುದನ್ನು ಹಲವು ವರ್ಷ ದೂರವಿದ್ದು ಮರಳಿದವನೇ ಬಲ್ಲನು. ಈ ವಿಷಯದಲ್ಲಿ ನನಗಾದ ಅನುಭವವೊಂದನ್ನು ನಿಮ್ಮಲ್ಲಿ ನಿವೇದಿಸುವೆನು.

ನಾನು ಹುಟ್ಟಿ ಬೆಳೆದುದು ಧಾರವಾಡದಲ್ಲಿ. ಪಾಠಶಾಲೆಯ ಸೇವೆಗಾಗಿ ಊರು ಬಿಟ್ಟು 26 ವರ್ಷಗಳಾದ ಮೇಲೆ, ಕಳೆದ ಶ್ರಾವಣದ ಒಂದು ಸೋಮವಾರ ಅಲ್ಲಿಗೆ ಹೋಗುವ ಯೋಗವೊದಗಿತು. ಹುಬ್ಬಳ್ಳಿಯಲ್ಲಿ ರೈಲಿನಿಂದಿಳಿದು, 2018ರಲ್ಲಿ ಪ್ರಾರಂಭವಾದ ‘ಚಿಗರಿ’ ಬಸ್ಸನ್ನೇರಿದೆನು. ತನಗೆಂದೇ ಮೀಸಲಾದ ಪಥದಲ್ಲಿ ಅದು ಸರಾಗವಾಗಿ ಸಾಗಿತು. ನಾನು ಮಾತ್ರ ಕಿಟಕಿಯಲ್ಲಿ ಹಿಂದಿನ ಮರಗಳನ್ನು ಅರಸುತ್ತಿದ್ದೆನು. ಜ್ಯುಬಿಲಿ ವೃತ್ತದಲ್ಲಿ ಇಳಿದೊಡನೆ ಆಟೋದವನು, “ಊರಿಗೆ ಹೊಸಬರೇನ್ರಿ?” ಎಂದು ಕೇಳಿದನು. “ಇದು ನನ್ನ ಊರಪ್ಪಾ” ಎಂದು ಕೊಂಚ ಕಟುವಾಗಿಯೇ ನುಡಿದೆನು. ನನ್ನ ಅಪ್ಪಣೆಯಿಲ್ಲದೆ ಊರು ಬದಲಾಯಿತೆಂಬ ಮುನಿಸು ನನ್ನದು!

ಲೈನ್ ಬಜಾರಿನಲ್ಲಿ ಅರ್ಧ ಕಿಲೋ ಪೇಢೆ ಕೊಂಡೆನು. ಅದಕ್ಕೊಂದು ಕಾರಣವುಂಟು. ಬಾಲ್ಯದಲ್ಲಿ ತಾಯಿಯನ್ನು ಕಳೆದುಕೊಂಡ ನನಗೆ ನಮ್ಮ ಓಣಿಯ ತಾಯಿಯೊಬ್ಬಳು ಪ್ರತಿ ಸೋಮವಾರ ಕರೆದು ಉಣಬಡಿಸುತ್ತಿದ್ದಳು. ಮೊದಲ ಸಂಬಳದಲ್ಲಿ ಅವಳಿಗೆ ಪೇಢೆ ತರುವೆನೆಂದು ಮಾತು ಕೊಟ್ಟಿದ್ದೆನು. ಇಂದು ನಾಳೆ ಎನ್ನುತ್ತ ವರ್ಷಗಳು ಉರುಳಿದವು.

ಓಣಿಯಲ್ಲಿ ನಮ್ಮ ಹೆಂಚಿನ ಮನೆಯಿದ್ದಲ್ಲಿ ಮೂರಂತಸ್ತಿನ ಕಟ್ಟಡ ನಿಂತಿದೆ. ಆ ತಾಯಿಯ ಮನೆ ಹಾಗೆಯೇ ಇತ್ತು. ಬಾಗಿಲಿಗೆ ಬಂದ ಸೊಸೆಯು, “ಯಾರು ಬೇಕಾಗಿತ್ತರಿ? ಮಳ್ಯಾಗ ನಿಂತೀರಿ, ಮೊದಲ ಒಳಗ ಬರ್ರಿ” ಎಂದಳು. ಅತ್ತೆಯು ಲಿಂಗೈಕ್ಯಳಾಗಿ ಎಂಟು ವರ್ಷಗಳಾದುವೆಂದು ಅವಳಿಂದಲೇ ತಿಳಿಯಿತು. ಪೇಢೆಯ ಪೊಟ್ಟಣವು ಕೈಯಲ್ಲಿ ಭಾರವಾಯಿತು.

ಒಳಗೆ ಹುಡುಗನೊಬ್ಬನು ಊಟಕ್ಕೆ ಕುಳಿತಿದ್ದನು. ಮಗನೇ ಎಂದು ಕೇಳಿದೆನು. “ಅಲ್ಲರಿ, ಹಳ್ಳಿಯಿಂದ ಕಲಿಯಾಕ ಬಂದಾನ. ಸೋಮವಾರ ಒಬ್ಬ ಹುಡುಗಗ ಊಟಕ್ಕ ಹಾಕೂದು ನಮ್ಮ ಅತ್ತಿಯವರ ಪದ್ಧತಿ, ನಾವೂ ಬಿಟ್ಟಿಲ್ಲ” ಎಂದಳು. ಆ ಪದ್ಧತಿಯು ನನ್ನಿಂದ ಮೊದಲಾಯಿತೋ, ನನಗಿಂತ ಮುಂಚೆಯೇ ಇದ್ದಿತೋ ಅರಿಯೆನು. ಪೇಢೆಯನ್ನು ಆ ಹುಡುಗನ ತಟ್ಟೆಯ ಬದಿಗಿಟ್ಟು, ಹೆಸರನ್ನು ಹೇಳದೆ ಹೊರಬಂದೆನು.

ಬಂಧುಗಳೆ, ನಿಂತುದನ್ನು ಸ್ಥಾವರವೆಂದೂ ನಡೆಯುವುದನ್ನು ಜಂಗಮವೆಂದೂ ಶರಣರು ವಿವೇಚಿಸಿದರು. ನಾನು ಅರಸಿ ಹೋದುದು ಮರ, ಹೆಂಚು, ಗೋಡೆಗಳನ್ನು, ಅವು ಅಳಿದಿದ್ದುವು. ಒಂದು ತುತ್ತು ಅನ್ನವು ಕೈಯಿಂದ ಕೈಗೆ ನಡೆದು ಬಂದಿದ್ದಿತು, ಅದು ಉಳಿದಿದ್ದಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕ್ಷೋಭೆಗೊಂಡಾಗ ಶರಣರು ಆ ಪಟ್ಟಣವನ್ನು ತೊರೆದರು. ಚನ್ನಬಸವಣ್ಣನವರು ಉಳವಿಯವರೆಗೆ ಸಾಗಿದರು. ಮನೆಮಹಲುಗಳನ್ನು ಅವರು ಹೊತ್ತೊಯ್ಯಲಿಲ್ಲ. ಕಾಯಕ ದಾಸೋಹಗಳನ್ನು ಕೊಂಡೊಯ್ದುದರಿಂದ ಅವರು ನಿಂತಲ್ಲೆಲ್ಲ ಕಲ್ಯಾಣವು ಉಳಿಯಿತು.

ದಾಸೋಹತತ್ತ್ವವನ್ನು ಕುರಿತು ನಾನು ಎಷ್ಟೋ ಪಾಠಗಳನ್ನು ಹೇಳಿರುವೆನು. ಆದರೆ ನನ್ನ ಮನೆಯಲ್ಲಿ ಪರರ ಮಗನೊಬ್ಬನಿಗೆಂದು ವಾರಕ್ಕೊಂದು ತಟ್ಟೆಯನ್ನೂ ಇಟ್ಟಿರಲಿಲ್ಲ. ಆ ನಾಚಿಕೆಯನ್ನು ನಿಮ್ಮೆದುರು ಮರೆಮಾಡಲಾರೆನು. ಉಣಿಸಿದ ಕೈ ಇಲ್ಲವಾದ ಮೇಲೆ ಆ ಋಣವನ್ನು ಹಿಂದಕ್ಕೆ ಸಲ್ಲಿಸುವಂತಿಲ್ಲ, ಮುಂದಿನವರಿಗೇ ಸಲ್ಲಿಸಬೇಕು.

ಈಗ ಸೋಮವಾರ ನಮ್ಮ ಮನೆಯಲ್ಲಿ ಒಂದು ತಟ್ಟೆ ಹೆಚ್ಚಿದೆ. ಊರು ಬಿಟ್ಟು ಬಂದ ನಿಮಗೂ ಇಂಥದೊಂದು ಋಣವಿದ್ದೀತು. ತಡಮಾಡದೆ ನೆನೆಯಿರಿ, ಸಲ್ಲಿಸಿರಿ.